ಡ್ರೆಸ್ಸೇಜ್ ಗುರು ಯಾವ ಲಾಯದಿಂದ ಬಂದವರು? ಮಲೆನಾಡಿನ ಸವಾರರಿಗೆ ಒಂದು ಕೈಪಿಡಿ

ಡ್ರೆಸ್ಸೇಜ್ (ಕುದುರೆಯ ಚಲನೆಗೆ ಅಂಕ ಕೊಡುವ ಸವಾರಿ ಆಟ) ಕಲಿಸುತ್ತೇನೆ ಅನ್ನುವವರು ಸಿಕ್ಕರೆ ಫೀಸು ಕೇಳುವ ಮೊದಲು ಇದನ್ನು ಕೇಳಿ: ನೀವು ಯಾರ ಕೈಕೆಳಗೆ, ಎಂಥ ಕುದುರೆಯ ಮೇಲೆ ಕಲಿತಿರಿ? ಸವಾರಿ ಕಲಿಸುವವರು ತಾವು ಕಲಿತ ಲಾಯವನ್ನು ಜೀವನಪೂರ್ತಿ ಜೊತೆಗೇ ಇಟ್ಟುಕೊಂಡಿರುತ್ತಾರೆ. ಸೈನ್ಯದ ಲಾಯದವರ ಕಣ್ಣಿಗೆ ತಟ್ಟನೆ ಬೀಳುವುದು ರೇಸ್ ಲಾಯದವರಿಗೆ ಕಾಣುವುದಿಲ್ಲ. ಜರ್ಮನ್ ಪದ್ಧತಿಯವರು ಮೊದಲ ವಾರವೇ ಹಿಡಿದು ತಿದ್ದುವುದನ್ನು ಫ್ರೆಂಚ್ ಪದ್ಧತಿಯವರು ತಿಂಗಳುಗಟ್ಟಲೆ ಮುಟ್ಟದೇ ಬಿಟ್ಟಿರಬಹುದು. ಯಾವುದೂ ಪೂರ್ತಿ ತಪ್ಪಲ್ಲ. ಆದರೆ ನಿಮ್ಮ ಗುರುವಿಗೆ ಕಾಣದೇ ಹೋಗುವುದು ಯಾವುದು ಅಂತ ಮೊದಲೇ ತಿಳಿದರೆ ಅದನ್ನು ಬೇರೆಯವರಿಂದ ತುಂಬಿಸಿಕೊಳ್ಳಬಹುದು.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯವರಿಗೆ ಈ ಲೆಕ್ಕಾಚಾರ ಬೆಂಗಳೂರಿನವರಿಗಿಂತ ಹೆಚ್ಚು ಬೇಕು. ಅಲ್ಲಿ ಒಬ್ಬರು ಸರಿಬರದಿದ್ದರೆ ಇನ್ನೊಂದು ಸ್ಕೂಲಿಗೆ ಹೋದರಾಯಿತು. ಇಲ್ಲಿ ಹಾಗಲ್ಲ. ದಿನನಿತ್ಯಕ್ಕೆ ಹತ್ತಿರದ ಒಬ್ಬ ಸವಾರಿ ಮೇಷ್ಟ್ರು, ಆಗಾಗ ಮುನ್ನೂರು ಕಿಲೋಮೀಟರ್ ದಾಟಿ ಬೆಂಗಳೂರಿನಿಂದ ಬರುವ ಅಥವಾ ನಾವೇ ಹುಡುಕಿಕೊಂಡು ಹೋಗುವ ಡ್ರೆಸ್ಸೇಜ್ ಗುರು, ನಡುವೆ ವಾಟ್ಸ್ಆ್ಯಪ್ ವಿಡಿಯೋ. ಹೀಗೆ ಕಲಿಯುವುದೇ ಹೆಚ್ಚು. ಒಂದೇ ಕುದುರೆಯ ಮೇಲೆ ಇಬ್ಬರು ಗುರುಗಳ ಮಾತು ಬೀಳುತ್ತದೆ. ಇಬ್ಬರ ಮೂಲವೂ ತಿಳಿದಿರಲೇಬೇಕು.

ಹೊಸಬರಿಗೆ ಎರಡು ಮಾತು. ಡ್ರೆಸ್ಸೇಜ್ ಎಂದರೆ 20 ಮೀಟರ್ ಅಗಲ, 60 ಮೀಟರ್ ಉದ್ದದ ಅಂಕಣದಲ್ಲಿ (ಆರಂಭದ ಹಂತಕ್ಕೆ 20x40 ಸಾಕು) ಗೊತ್ತುಮಾಡಿದ ಚಲನೆಗಳನ್ನು ಕುದುರೆಯಿಂದ ಮಾಡಿಸುವುದು. ಪ್ರತಿ ಚಲನೆಗೂ ಸೊನ್ನೆಯಿಂದ ಹತ್ತರವರೆಗೆ ಅಂಕ, ಕೊನೆಗೆ ಶೇಕಡಾವಾರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅನುಷ್ ಅಗರ್‌ವಾಲಾ, ಹೃದಯ್ ಛೇಡಾ, ದಿವ್ಯಕೃತಿ ಸಿಂಗ್, ಸುದೀಪ್ತಿ ಹಜೇಲಾ ತಂಡ ಚಿನ್ನ ಗೆದ್ದದ್ದು ಇದೇ ಆಟದಲ್ಲಿ. ಮರುವರ್ಷ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಅನುಷ್, ಡ್ರೆಸ್ಸೇಜ್‌ನಲ್ಲಿ ಒಲಿಂಪಿಕ್ಸ್ ಮೆಟ್ಟಿಲು ಹತ್ತಿದ ಮೊದಲ ಭಾರತೀಯ. ಅವರು ಪಳಗಿದ್ದು ಜರ್ಮನಿಯಲ್ಲಿ, ಹ್ಯೂಬರ್ಟಸ್ ಶ್ಮಿಟ್ ಅವರ ಬಳಿ. ಪದಕದ ಸುದ್ದಿ ಓದುವಾಗಲೂ ಗುರು ಯಾರು ಅಂತ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಸೈನ್ಯ ಮತ್ತು ಪೊಲೀಸ್ ಅಶ್ವದಳದಿಂದ ಬಂದವರು

ನಮ್ಮ ಕಡೆ ಸವಾರಿ ಕಲಿಸುವವರಲ್ಲಿ ಈ ವರ್ಗದವರು ಸಿಗುವ ಸಾಧ್ಯತೆ ಹೆಚ್ಚು. ಜೈಪುರದ 61ನೇ ಕ್ಯಾವಲ್ರಿ, ಮೀರತ್‌ನ ಆರ್‌ವಿಸಿ (ಸೈನ್ಯದ ರಿಮೌಂಟ್ ವೆಟರ್ನರಿ ಕೋರ್) ಸೆಂಟರ್, ಬೆಂಗಳೂರಿನ ಎಎಸ್‌ಸಿ (ಆರ್ಮಿ ಸರ್ವಿಸ್ ಕೋರ್) ಸೆಂಟರ್, ಮೈಸೂರಿನ ಪೊಲೀಸ್ ಅಶ್ವದಳ, ಎನ್‌ಸಿಸಿಯ ರಿಮೌಂಟ್ ಅಂಡ್ ವೆಟರ್ನರಿ ಘಟಕ, ಎಲ್ಲವೂ ಈ ಸಾಲಿನವೇ. ಡ್ರೆಸ್ಸೇಜ್‌ಗೂ ಸೈನ್ಯಕ್ಕೂ ಹಳೇ ನಂಟು. 1912ರ ಸ್ಟಾಕ್‌ಹೋಮ್‌ ಒಲಿಂಪಿಕ್ಸ್‌ನಿಂದ 1948ರವರೆಗೆ ಇದರಲ್ಲಿ ಸೇನಾಧಿಕಾರಿಗಳಿಗೆ ಮಾತ್ರ ಅವಕಾಶವಿತ್ತು. 1952ರಲ್ಲಿ ಹೆಲ್ಸಿಂಕಿಯಲ್ಲಿ ಹೆಂಗಸರಿಗೂ ಬಾಗಿಲು ತೆರೆಯಿತು. ಆ ವರ್ಷವೇ ಪೋಲಿಯೋದಿಂದ ಮೊಣಕಾಲಿನ ಕೆಳಗೆ ಸ್ವಾಧೀನವಿಲ್ಲದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಬೆಳ್ಳಿ ಗೆದ್ದರು.

ಇವರಿಂದ ಸಿಗುವ ದೊಡ್ಡ ಲಾಭ ಲಾಯದ ಶಿಸ್ತು. ಏರುವ ಮುಂಚೆ ನಾಲ್ಕೂ ಗೊರಸು ಎತ್ತಿ ಕೆರೆಯುವುದು, ಜೀನಿನ ಹೊಟ್ಟೆಪಟ್ಟಿಯಾದ ಗರ್ತ್‌ ಅನ್ನು ಒಮ್ಮೆಗೇ ಜಗ್ಗದೆ ಎರಡು ಮೂರು ಸಲಕ್ಕೆ ಬಿಗಿಮಾಡುವುದು, ಇಳಿದ ಮೇಲೆ ಬೆನ್ನು ಒರೆಸಿ ಆರಿಸುವುದು, ಇದನ್ನೆಲ್ಲ ಇವರಷ್ಟು ಕಟ್ಟುನಿಟ್ಟಾಗಿ ಕಲಿಸುವವರು ಕಡಿಮೆ. ಕುದುರೆ ಗಾಬರಿಬಿದ್ದಾಗ ಇವರ ದನಿ ಏರುವುದಿಲ್ಲ. ಕೊರತೆ ಬೇರೆ ಕಡೆ. ಎಂಟು ಕುದುರೆಗಳ ಸಾಲಿಗೆ ಒಟ್ಟಿಗೆ ಕಮಾಂಡ್ ಕೊಟ್ಟು ರೂಢಿಯಾದವರಿಗೆ ಒಬ್ಬ ಸವಾರನ ಬಲ ಸೊಂಟ ಕುಸಿದದ್ದು ತಪ್ಪಿಹೋಗುತ್ತದೆ. ‘ಹಿಮ್ಮಡಿ ಕೆಳಗೆ! ಎದೆ ಮುಂದೆ!’ ಅನ್ನುವುದು ಆಕಾರದ ತಿದ್ದುಪಡಿ. ಹಿಮ್ಮಡಿಯನ್ನು ಬಲವಂತವಾಗಿ ತುಳಿದರೆ ಕಣಕಾಲು ಸೆಟೆದುಕೊಳ್ಳುತ್ತದೆ, ಮೊಣಕಾಲು ಜೀನನ್ನು ಕಚ್ಚುತ್ತದೆ, ಕುಂಡಿ ಜೀನಿನಿಂದ ಮೇಲೇಳುತ್ತದೆ. ತೊಡೆ ಸಡಿಲವಾದರೆ ಹಿಮ್ಮಡಿ ತಾನಾಗೇ ಇಳಿಯುತ್ತದೆ. ಇಂಥ ಮೇಷ್ಟ್ರ ಹತ್ತಿರ ಸುರಕ್ಷತೆ, ಕುದುರೆಯ ಆರೈಕೆ, ಧೈರ್ಯ ಕಲಿಯಿರಿ. ಸೂಕ್ಷ್ಮವಾದ ಕುಳಿತ ಭಂಗಿಗೆ ಇನ್ನೊಂದು ಜೊತೆ ಕಣ್ಣು ಬೇಕು.

ರೇಸ್ ಲಾಯ, ಜಂಪಿಂಗ್

ರೇಸ್ ಕುದುರೆ ಓಡಿಸಿ ಬಂದವರಿಗೆ ಥರೋಬ್ರೆಡ್ ತಳಿ ಎಂದರೆ ಅಂಗೈ ನೆಲ್ಲಿಕಾಯಿ. ನಮ್ಮ ಸವಾರಿ ಶಾಲೆಗಳಲ್ಲಿ ರೇಸ್ ಬಿಟ್ಟ ಥರೋಬ್ರೆಡ್‌ಗಳೇ ಹೆಚ್ಚಿರುವುದರಿಂದ ಇದು ಸಣ್ಣ ವಿಷಯವಲ್ಲ. ಆ ಕುದುರೆಗೆ ಟ್ರ್ಯಾಕ್‌ನಲ್ಲಿ ಲಗಾಮು ಬಿಗಿಯಾದರೆ ಕಡಿವಾಣದ ಮೇಲೆ ಭಾರ ಹಾಕಿ ಜೋರಾಗಿ ಓಡಬೇಕು ಅಂತ ಕಲಿಸಿರುತ್ತಾರೆ. ಡ್ರೆಸ್ಸೇಜ್‌ನಲ್ಲಿ ಅದೇ ಸನ್ನೆಗೆ ನಿಧಾನವಾಗಬೇಕು. ಹೊಸ ಸವಾರ ಹೆದರಿ ಎಳೆದಷ್ಟೂ ಕುದುರೆ ಓಡುವುದು ಇದರಿಂದ. ರೇಸ್ ಹಿನ್ನೆಲೆಯ ಮೇಷ್ಟ್ರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಆದರೆ ಅವರ ಸ್ವಂತ ಕೂರುವಿಕೆ ಗಿಡ್ಡ ರಿಕಾಬಿನದು (ಪಾದ ಇಡುವ ಕೊಂಡಿ), ಮುಂದಕ್ಕೆ ಬಾಗಿದ್ದು. ಜೀನಿನೊಳಗೆ ಆಳವಾಗಿ ಕೂರುವುದನ್ನು ಅವರೂ ಹೊಸದಾಗಿ ಕಲಿತಿರಬೇಕಾಗುತ್ತದೆ. ಯಾರಿಂದ ಕಲಿತಿರಿ ಅಂತ ಕೇಳಲು ಸಂಕೋಚ ಬೇಡ.

ಜಂಪಿಂಗ್ ಮತ್ತು ಈವೆಂಟಿಂಗ್‌ನವರ ವಿಷಯ ಬೇಗ ಮುಗಿಸಬಹುದು. ಈವೆಂಟಿಂಗ್‌ನ ಮೂರು ಭಾಗಗಳಲ್ಲಿ ಮೊದಲನೆಯದೇ ಡ್ರೆಸ್ಸೇಜ್, ಹಾಗಾಗಿ ಅವರಿಗೆ ಪರೀಕ್ಷೆಯ ಅನುಭವ ಇರುತ್ತದೆ. ಕುದುರೆಯನ್ನು ಮುಂದಕ್ಕೆ ಕಳಿಸುವುದರಲ್ಲಿ ಗಟ್ಟಿ, ಕಲೆಕ್ಷನ್‌ನಲ್ಲಿ (ಕುದುರೆಯ ತೂಕವನ್ನು ಹಿಂಗಾಲಿಗೆ ತಂದು ಮೈ ಒಗ್ಗೂಡಿಸುವುದರಲ್ಲಿ) ತೆಳು. ಆರಂಭದ ಎರಡು ಮೂರು ವರ್ಷಕ್ಕೆ ಒಳ್ಳೆಯ ಆಯ್ಕೆ.

ಯುರೋಪಿನ ಪದ್ಧತಿಗಳು

ಬೆಂಗಳೂರಿನ ಡ್ರೆಸ್ಸೇಜ್ ಗುರುಗಳ ಬಾಯಲ್ಲಿ ಹೆಚ್ಚಾಗಿ ಕೇಳಿಬರುವುದು ಜರ್ಮನ್ ತರಬೇತಿ ಮೆಟ್ಟಿಲು. ಲಯ, ಸಡಿಲತನ, ಕಡಿವಾಣದ ಸಂಪರ್ಕ, ಹಿಂಗಾಲಿನ ಚಿಮ್ಮು, ನೇರತೆ, ಕಲೆಕ್ಷನ್ ಎಂದು ಆರು ಹಂತ. ಬೇರು ಜರ್ಮನ್ ಅಶ್ವಸೈನ್ಯದ 1912ರ ಕೈಪಿಡಿಯಲ್ಲಿದೆ. ಕುದುರೆಯನ್ನು ಮುಂದಕ್ಕೆ ಓಡಿಸಿ, ನೇರವಾಗಿಡಿ ಎನ್ನುವ ಗುಸ್ತಾವ್ ಸ್ಟೈನ್‌ಬ್ರೆಕ್ಟ್‌ರ ಮಾತು ಇವರಿಗೆ ಗಾಯತ್ರಿ ಇದ್ದ ಹಾಗೆ. ಈ ಪದ್ಧತಿಯವರಲ್ಲಿ ಕ್ರಮವಿರುತ್ತದೆ. ಏನು ಕೆಟ್ಟರೂ ಒಂದು ಮೆಟ್ಟಿಲು ಕೆಳಗಿಳಿದು ಸರಿಮಾಡುತ್ತಾರೆ. ಬೆನ್ನು ಸಡಿಲವಿಲ್ಲದ ಕುದುರೆಗೆ ಶೋಲ್ಡರ್-ಇನ್ (ಭುಜವನ್ನು ಒಳಕ್ಕೆ ತಂದು ನಡೆಸುವ ಚಲನೆ) ಮಾಡಿಸಲು ಹೋಗುವುದಿಲ್ಲ. ತೊಂದರೆ ಬರುವುದು ಎಲ್ಲಿ ಅಂದರೆ, ಈ ಪದ್ಧತಿ ಬೆಳೆದದ್ದು ದೊಡ್ಡ ಮೈಕಟ್ಟಿನ, ದೊಡ್ಡ ಹೆಜ್ಜೆಯ ವಾರ್ಮ್‌ಬ್ಲಡ್ ಕುದುರೆಗಳ ಮೇಲೆ. ಅದನ್ನೇ ಸಣ್ಣ ಮಾರ್ವಾಡಿ, ಕಾಠಿಯಾವಾಡಿ ಕುದುರೆಯ ಮೇಲೆ ಪ್ರಯೋಗಿಸಿ ‘ಇನ್ನೂ ಮುಂದೆ, ಇನ್ನೂ ಮುಂದೆ’ ಎಂದರೆ ಕುದುರೆಯ ಲಯ ತಪ್ಪಿ ಬರೀ ಓಟವಾಗುತ್ತದೆ. ನಮ್ಮ ಕುದುರೆ ನೋಡಿ ವೇಗ ತಗ್ಗಿಸುವವರು ಪದ್ಧತಿಯನ್ನು ಅರಗಿಸಿಕೊಂಡವರು.

ಫ್ರೆಂಚ್ ಮತ್ತು ಪೋರ್ಚುಗೀಸ್ ಸಾಲು ಬೇರೆಯೇ. ಹದಿನೆಂಟನೇ ಶತಮಾನದ ಲಾ ಗೆರಿನಿಯೇರ್, ಹತ್ತೊಂಬತ್ತರ ಬೌಶೇ, ಇಪ್ಪತ್ತರ ನುನೋ ಒಲಿವೇರಾ (1925–1989), ಇವರೆಲ್ಲ ಹಗುರತನಕ್ಕೆ ಮೊದಲ ಮಣೆ ಹಾಕಿದವರು. ಕೈ ಕೆಲಸ ಮಾಡುವಾಗ ಕಾಲು ಸುಮ್ಮನಿರಲಿ, ಕಾಲು ಕೆಲಸ ಮಾಡುವಾಗ ಕೈ ಸುಮ್ಮನಿರಲಿ ಅನ್ನುವುದು ಬೌಶೇ ಸೂತ್ರ. ನಿಧಾನ ನಡಿಗೆಯಲ್ಲೇ ಬಹಳ ಕೆಲಸ, ಬಗ್ಗಿಸುವ ಅಭ್ಯಾಸ ಹೆಚ್ಚು. ಚಿಕ್ಕ ಕುದುರೆಗೆ, ಚಿಕ್ಕ ಜಾಗಕ್ಕೆ, ವಯಸ್ಸಾದ ಮೇಲೆ ಕಲಿಯುವವರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಮನೆಯಂಗಳದಷ್ಟೇ ಜಾಗ ಇರುವ ನಮ್ಮ ಕಡೆ ಈ ಪದ್ಧತಿಗೆ ಇನ್ನಷ್ಟು ಗಮನ ಸಲ್ಲಬೇಕಿತ್ತು. ಅರೆಬರೆ ಕಲಿತವರ ಕೈಗೆ ಸಿಕ್ಕರೆ ಮಾತ್ರ ಕುದುರೆಯ ಕುತ್ತಿಗೆ ರಬ್ಬರಾಗುತ್ತದೆ, ಹಿಂಗಾಲು ನಿದ್ದೆ ಹೋಗುತ್ತದೆ.

ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಿನಲ್ಲಿ ಹೊಸ ವಿದ್ಯಾರ್ಥಿಯನ್ನು ತಿಂಗಳುಗಟ್ಟಲೆ ಉದ್ದ ಹಗ್ಗದ ಕುದುರೆಯ ಮೇಲೆ, ರಿಕಾಬು ಲಗಾಮು ಎರಡೂ ಇಲ್ಲದೆ ಕೂರಿಸುತ್ತಾರೆ. ಅಷ್ಟು ತಾಳ್ಮೆ ನಮ್ಮಲ್ಲಿ ಯಾರಿಗೂ ಇರಲಿಕ್ಕಿಲ್ಲ. ಆದರೂ ಮೊದಲ ಎಂಟು ಹತ್ತು ಪಾಠಗಳಲ್ಲಿ ಅರ್ಧವಾದರೂ ಹೀಗೆ ಲಂಜ್ ಹಗ್ಗದ ಮೇಲೆ ನಡೆಸುವ ಗುರು ಸಿಕ್ಕರೆ ಬಿಡಬೇಡಿ. ವೃತ್ತದ ವ್ಯಾಸ 15 ಮೀಟರಿಗೆ ಕಡಿಮೆ ಇರಬಾರದು, ಒಟ್ಟು ಇಪ್ಪತ್ತು ನಿಮಿಷ ಸಾಕು, ಐದೈದು ನಿಮಿಷಕ್ಕೆ ದಿಕ್ಕು ಬದಲಾಗಬೇಕು. ಸಣ್ಣ ವೃತ್ತದಲ್ಲಿ ಬಹಳ ಹೊತ್ತು ಸುತ್ತಿಸಿದರೆ ಕುದುರೆಯ ಕಾಲಿನ ಕೀಲುಗಳಿಗೆ ಪೆಟ್ಟು.

ಇನ್ನೆರಡು ಪಂಥಗಳು ಇತ್ತೀಚಿನವು. ಅಮೆರಿಕದ ಸ್ಯಾಲಿ ಸ್ವಿಫ್ಟ್ ಕಟ್ಟಿದ ಪದ್ಧತಿ ಸವಾರನ ಮೈಯನ್ನೇ ಹಿಡಿಯುತ್ತದೆ: ದೃಷ್ಟಿ ಒಂದೇ ಕಡೆ ನೆಡದೆ ಅಗಲವಾಗಿಡುವುದು, ಹೊಟ್ಟೆಯಿಂದ ಉಸಿರಾಡುವುದು, ನಾಭಿಯ ಕೆಳಗೆ ತೂಕದ ಕೇಂದ್ರ ಹುಡುಕುವುದು. ಯೋಗ ಬಲ್ಲವರಿಗೆ ಬೇಗ ಹತ್ತುತ್ತದೆ. ಆಸ್ಟ್ರೇಲಿಯಾದ ಆ್ಯಂಡ್ರೂ ಮೆಕ್ಲೀನ್ ಮುಂತಾದವರು ಹೇಳುವುದು ಪ್ರಾಣಿಗಳ ಕಲಿಕೆಯ ವಿಜ್ಞಾನ. ಕುದುರೆ ಕಲಿಯುವುದು ಒತ್ತಡ ಬಿದ್ದಾಗ ಅಲ್ಲ, ಒತ್ತಡ ತೆಗೆದ ಕ್ಷಣದಲ್ಲಿ. ನಿಲ್ಲು ಎಂದಾಗ ನಿಂತ ತಕ್ಷಣ ಬೆರಳು ಸಡಿಲಾಗದಿದ್ದರೆ ನಿಂತದ್ದಕ್ಕೆ ಅದಕ್ಕೇನೂ ಸಿಗಲಿಲ್ಲ. ಮಾತು ಕೇಳದ ಕುದುರೆಗಳ ಪೈಕಿ ಬಹಳಷ್ಟು ಕೆಟ್ಟಿರುವುದು ಸವಾರ ತಡವಾಗಿ ಬಿಡುವುದರಿಂದ. ಯಾವ ಪದ್ಧತಿಯ ಗುರುವೇ ಆಗಲಿ, ಈ ಒಂದು ಅಂಶದಲ್ಲಿ ಕಟ್ಟುನಿಟ್ಟು ಇರಬೇಕು ಅನ್ನುವುದು ನಮ್ಮ ಖಚಿತ ಅಭಿಪ್ರಾಯ.

ಒಂದೇ ಪ್ರಶ್ನೆ ಸಾಕು

ಗುರುವಿನ ಪಂಥ ತಿಳಿಯಲು ಸರ್ಟಿಫಿಕೇಟಿಗಿಂತ ಒಳ್ಳೆಯ ದಾರಿ ಒಂದಿದೆ. ‘ಹಾಫ್-ಹಾಲ್ಟ್ ಹೇಗೆ ಕೊಡಬೇಕು?’ ಅಂತ ಕೇಳಿ. ಕುದುರೆಯನ್ನು ಪೂರ್ತಿ ನಿಲ್ಲಿಸದೆ ಕ್ಷಣಕಾಲ ತಡೆದು ಸಮತೋಲನಕ್ಕೆ ತರುವ ಸನ್ನೆ ಅದು. ಬೆನ್ನು, ಕಾಲು, ಲಗಾಮು ಮೂರೂ ಒಂದೇ ಕ್ಷಣ ಸೇರಿ ಮರುಕ್ಷಣ ಬಿಡಬೇಕು, ಹಿಂಗಾಲು ಹೊಟ್ಟೆಯಡಿಗೆ ಬರಬೇಕು ಎಂದರೆ ಜರ್ಮನ್ ಸಾಲು. ಕಾಲು ಬೇಡ, ಕೈ ಒಂದಿಷ್ಟು ಮೇಲೆತ್ತಿ ಕುದುರೆಯ ತೂಕ ಹಿಂದಕ್ಕೆ ಸರಿಸಿ, ಆಮೇಲೆ ಲಗಾಮು ಬಿಟ್ಟುಕೊಡಿ ಎಂದರೆ ಫ್ರೆಂಚ್. ಮೊದಲು ನಿಲ್ಲುವ ಸನ್ನೆ, ಹೊರಡುವ ಸನ್ನೆ ಬೇರೆಬೇರೆಯಾಗಿ ಪಕ್ಕಾ ಆಗಲಿ, ಕೂಡಿಸುವುದು ಆಮೇಲೆ ಎಂದರೆ ಕಲಿಕೆ ವಿಜ್ಞಾನದವರು. ಉಸಿರು ಹೊರಬಿಟ್ಟು ಸೊಂಟ ಸ್ಥಿರಮಾಡಿ ಎಂದರೆ ಸ್ವಿಫ್ಟ್ ಕಡೆಯವರು. ಇವೆಲ್ಲವೂ ಒಪ್ಪತಕ್ಕ ಉತ್ತರಗಳೇ. ‘ಲಗಾಮು ಜಗ್ಗಿ ತಲೆ ಕೆಳಗೆ ತರೋದು’ ಎಂದರೆ ನಮಸ್ಕಾರ ಹೇಳಿ ಬನ್ನಿ.

ಸರ್ಟಿಫಿಕೇಟ್ ಬೇಡವೆಂದಲ್ಲ. ಅಂತರರಾಷ್ಟ್ರೀಯ ಫೆಡರೇಶನ್ ಎಫ್‌ಇಐ ಕೋಚ್‌ಗಳಿಗೆ ಲೆವೆಲ್ 1ರಿಂದ 3ರವರೆಗೆ ತರಬೇತಿ ಕೊಡುತ್ತದೆ, ಬ್ರಿಟಿಷ್ ಹಾರ್ಸ್ ಸೊಸೈಟಿಯ ಹಂತಗಳಿವೆ, ಜರ್ಮನ್ ಫೆಡರೇಶನ್ನಿನ ಟ್ರೇನರ್ ಸಿ, ಬಿ, ಎ ಇವೆ. ಕಾಗದ ನೋಡಿ, ಕಲಿತ ಜಾಗ ಮತ್ತು ವರ್ಷ ಕೇಳಿ. ಜೊತೆಗೆ ಅವರ ಶಿಷ್ಯರ ಇತ್ತೀಚಿನ ಪರೀಕ್ಷೆಯ ಅಂಕಪಟ್ಟಿ ಎರಡಾದರೂ ಕೇಳಿ. ಒಟ್ಟು ಶೇಕಡಾಕ್ಕಿಂತ ತೀರ್ಪುಗಾರರು ಪಕ್ಕದಲ್ಲಿ ಬರೆದ ಷರಾ ಮುಖ್ಯ. ಬೇರೆಬೇರೆ ಶಿಷ್ಯರ ಹಾಳೆಯಲ್ಲಿ ಒಂದೇ ದೂರು ಇದ್ದರೆ ಅದು ಗುರುವಿನ ಮೇಲಿನ ದೂರು.

ಬೇಲಿಯ ಹೊರಗೆ ನಿಂತು ನೋಡುವುದು

ಕುದುರೆ ಏರುವ ಮೊದಲು ಬೇರೆಯವರ ಒಂದು ಪೂರ್ತಿ ಪಾಠ ನೋಡಿ. 45 ನಿಮಿಷದ ಪಾಠದಲ್ಲಿ ಮೊದಲ ಹತ್ತು ನಿಮಿಷ ಉದ್ದ ಲಗಾಮಿನ ನಡಿಗೆ ಇರಬೇಕು, ಕೊನೆಯ ಐದಾರು ನಿಮಿಷವೂ ಹಾಗೆಯೇ. ನಡುವೆ ಎರಡು ಮೂರು ಸಲ ವಿಶ್ರಾಂತಿ. ಕಾಫಿ ಕುಡಿಯುತ್ತ ಫೋನ್ ನೋಡುವ ಮೇಷ್ಟ್ರು ಎಷ್ಟು ಓದಿದವರಾದರೇನು?

ಕುದುರೆಯನ್ನು ನೋಡುವ ಕ್ರಮ ಹೀಗಿಟ್ಟುಕೊಳ್ಳಿ. ಮೊದಲು ಮೂಗುಪಟ್ಟಿ: ಮೂಗಿನ ಎಲುಬಿನ ಮೇಲೆ, ನಟ್ಟನಡುವೆ, ದೊಡ್ಡವರ ಎರಡು ಬೆರಳು ಆಡಬೇಕು. ಕೆನ್ನೆಯ ಪಕ್ಕ ಬೆರಳು ತೂರಿಸಿ ತೋರಿಸಿದರೆ ಲೆಕ್ಕಕ್ಕಿಲ್ಲ, ಅಲ್ಲಿ ಯಾವಾಗಲೂ ಸಡಿಲವೇ. ಆಮೇಲೆ ಮುಖದ ಗೆರೆ: ಹಣೆಯಿಂದ ಮೂಗಿಗೆ ಗೆರೆ ಎಳೆದರೆ ಅದು ನೆಲಕ್ಕೆ ಲಂಬವಾಗಿ ಅಥವಾ ಸ್ವಲ್ಪ ಮುಂದಕ್ಕೆ ಇರಬೇಕು. ಗದ್ದ ಎದೆಗೆ ಅಂಟಿ ಬಹಳ ಹೊತ್ತು ಹಾಗೆಯೇ ಇದ್ದರೆ, ಎಷ್ಟು ಚಂದ ಕಂಡರೂ, ಅದು ಜಗ್ಗಿ ಹಿಡಿದದ್ದು. ಬಲವಂತದಿಂದ ಹೀಗೆ ಕುತ್ತಿಗೆ ಮಡಚುವುದನ್ನು ಎಫ್‌ಇಐ 2010ರಲ್ಲೇ ಒಪ್ಪತಕ್ಕದ್ದಲ್ಲ ಎಂದಿದೆ. ಬಾಲ ಲೋಲಕದಂತೆ ಆಡುತ್ತಿದೆಯೋ ಚಾಟಿಯಂತೆ ಬೀಸುತ್ತಿದೆಯೋ ನೋಡಿ. ಬಾಯಿ ತೆರೆದು ಹಲ್ಲು ಕಾಣುತ್ತಿದೆಯೇ? ಕೊನೆಗೆ ಒಂದೇ ಪ್ರಶ್ನೆ: ಪಾಠದ ಕೊನೆಯ ಹತ್ತು ನಿಮಿಷದಲ್ಲಿ ಕುದುರೆ ಮೊದಲ ಹತ್ತು ನಿಮಿಷಕ್ಕಿಂತ ಸರಾಗವಾಗಿ ನಡೆಯುತ್ತಿದೆಯೇ, ಇಲ್ಲವೇ?

ಈಗ ಗುರು ತಪ್ಪು ತಿದ್ದುವ ಬಗೆ. ಎರಡು ಸಾಮಾನ್ಯ ದೋಷಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ.

ಮೊದಲನೆಯದು, ಟ್ರಾಟ್‌ನಲ್ಲಿ (ನಡಿಗೆಗಿಂತ ಜೋರಿನ ಕುಕ್ಕುಲೋಟ) ಎದ್ದು ಕೂರುವಾಗ ಸವಾರನ ಕೈ ಮೇಲೆ ಕೆಳಗೆ ಕುಣಿಯುವುದು. ‘ಕೈ ಅಲುಗಾಡಿಸಬೇಡ’ ಎಂದು ಹತ್ತು ಸಲ ಕೂಗಿದರೂ ಅದು ನಿಲ್ಲುವುದಿಲ್ಲ. ಮೈ ಮೇಲೇಳುವಾಗ ಕೈ ಇದ್ದಲ್ಲೇ ಇರಬೇಕಾದರೆ ಮೊಣಕೈ ತೆರೆದುಕೊಳ್ಳಬೇಕು, ಕೂರುವಾಗ ಮಡಚಿಕೊಳ್ಳಬೇಕು. ಮೊಣಕೈಯನ್ನು ಪಕ್ಕೆಗೆ ಬಿಗಿದಿಟ್ಟವರ ಕೈ ಮೈ ಜೊತೆ ಹೋಗಲೇಬೇಕು. ಬಲ್ಲ ಗುರು ಸವಾರನ ಕಿರುಬೆರಳನ್ನು ಜೀನಿನ ಮುಂಭಾಗಕ್ಕೆ ತಾಗಿಸಿಡಲು ಹೇಳಿ ಒಂದು ಸುತ್ತು ಹೊಡೆಸುತ್ತಾರೆ. ಮೊಣಕೈ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಎರಡನೆಯದು, ಎಡ ವೃತ್ತದಲ್ಲಿ ಕುದುರೆ ಒಳಕ್ಕೆ ಬೀಳುವುದು. ಹೊರಗಿನ ಲಗಾಮು ಎಳೆ ಅನ್ನುವುದು ಸುಲಭದ ತಿದ್ದುಪಡಿ. ಹೆಚ್ಚಿನ ಸಲ ಕಾರಣ ಸವಾರನ ಎಡ ಪಕ್ಕೆ ಕುಸಿದು, ತೂಕ ಜೀನಿನ ಬಲಕ್ಕೆ ಜಾರಿರುವುದು. ಹಿಂದಿನಿಂದ ನೋಡಿದರೆ ಜೀನು ಬಲಕ್ಕೆ ವಾಲಿದ್ದು, ಎಡ ಭುಜ ತಗ್ಗಿದ್ದು ಕಾಣುತ್ತದೆ. ಒಳ್ಳೆಯ ಗುರು ವೃತ್ತದ ಮಧ್ಯದಲ್ಲೇ ನಿಂತಿರದೆ ಹಿಂದಕ್ಕೆ ಬಂದು ನೋಡುತ್ತಾರೆ. ಎಡಗೈಯನ್ನು ಒಂದು ಸುತ್ತು ಮೇಲೆತ್ತಿಸಿ ಪಕ್ಕೆ ಉದ್ದವಾದ ಮೇಲೆ ಕುದುರೆ ಹೇಗೆ ನಡೆಯಿತು ಅಂತ ಸವಾರನನ್ನೇ ಕೇಳುತ್ತಾರೆ. ಹೇಳುವ ಗುರು, ಕೇಳುವ ಗುರು ಎಂದು ಎರಡು ಬಗೆಯಿದ್ದರೆ ಹತ್ತು ವರ್ಷದ ಮೇಲಿನ ಮಕ್ಕಳಿಗೆ ಕೇಳುವವರೇ ಮೇಲು. ಇನ್ನೂ ಚಿಕ್ಕ ಮಕ್ಕಳಿಗೆ ಪ್ರಶ್ನೆ ಕಡಿಮೆ, ಆಟ ಹೆಚ್ಚು ಇರಲಿ.

ಮೊದಲ ಪಾಠ

ಹೆಲ್ಮೆಟ್ ಇಲ್ಲದೆ ಹತ್ತಿಸುವವರ ಹತ್ತಿರ ಹೋಗಲೇಬೇಡಿ. ಬೈಕಿನ ಹೆಲ್ಮೆಟ್ ಆಗುವುದಿಲ್ಲ. ಪಿಎಎಸ್ 015 ಅಥವಾ ಎಎಸ್‌ಟಿಎಂ ಎಫ್1163 ಗುರುತಿನ ಸವಾರಿ ಹೆಲ್ಮೆಟ್ ಬೇಕು. ಸವಾರ ಮತ್ತು ಜೀನಿನ ತೂಕ ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ಮೀರದಿರಲಿ. 350 ಕಿಲೋ ತೂಗುವ ಮಾರ್ವಾಡಿಗೆ ಇದು 70 ಕಿಲೋ. ನಿಮ್ಮ ತೂಕ ಕೇಳಿಯೇ ಕುದುರೆ ಆರಿಸುವ ಗುರು ಎಂದರೆ ಒಳ್ಳೆಯ ಲಕ್ಷಣ, ಬೇಸರ ಮಾಡಿಕೊಳ್ಳುವಂಥದ್ದಲ್ಲ.

ರಿಕಾಬಿನ ಉದ್ದ ಅವರು ಹೇಗೆ ಹೊಂದಿಸುತ್ತಾರೆ ನೋಡಿ. ಕಾಲು ಇಳಿಬಿಟ್ಟಾಗ ರಿಕಾಬಿನ ತಳ ಕಣಕಾಲಿನ ಗಂಟಿಗೆ ತಾಗಿದರೆ ಆರಂಭಕ್ಕೆ ಸರಿ. ಡ್ರೆಸ್ಸೇಜ್ ಅಂದ ಮಾತ್ರಕ್ಕೆ ಮೊದಲ ದಿನವೇ ಉದ್ದ ಬಿಟ್ಟರೆ ಸವಾರ ಕಾಲ್ಬೆರಳಲ್ಲಿ ರಿಕಾಬು ಹುಡುಕುತ್ತ ಮುಂದಕ್ಕೆ ವಾಲುತ್ತಾನೆ. ಮೊದಲ ದಿನವೇ ಬೂಟಿನ ಹಿಮ್ಮಡಿಯ ಮುಳ್ಳು (ಸ್ಪರ್), ಎರಡು ಕಡಿವಾಣದ ಡಬಲ್ ಬ್ರೈಡಲ್, ತಲೆ ಕೆಳಗೆಳೆಯುವ ಡ್ರಾ ರೇನ್ ಲಗಾಮು ಕಂಡರೆ ಅಲ್ಲಿಗೆ ಮುಗಿಯಿತು. ಅವು ಬಲ್ಲವರ ಕೈಯ ಉಪಕರಣಗಳು.

ಫೀಸನ್ನು ಮೂವತ್ತು ಪಾಠಕ್ಕೆ ಒಟ್ಟಿಗೆ ಕಟ್ಟಬೇಡಿ. ನಾಲ್ಕಕ್ಕೆ ಕಟ್ಟಿ. ನಾಲ್ಕರ ಕೊನೆಗೆ ‘ಮುಂದಿನ ಮೂರು ತಿಂಗಳಲ್ಲಿ ಏನು ಮಾಡಿಸುತ್ತೀರಿ’ ಅಂತ ಕೇಳಿದಾಗ ಉತ್ತರ ಇರಬೇಕು.

ಅಂಕಣ ನಿಮ್ಮದಾದರೆ

ಬೆಂಗಳೂರಿನ ಗುರು ಇಲ್ಲಿಗೆ ಬರಬೇಕಾದರೆ ಅವರು ಮೊದಲು ಕೇಳುವುದು ನೆಲ. ಅಡಿಕೆ ಒಣಹಾಕುವ ಕಣ ಅಗಲಕ್ಕೆ ಸಾಲದು, ಸಾಲಿದರೂ ಗಟ್ಟಿ ನೆಲದ ಮೇಲೆ ಟ್ರಾಟ್ ಮಾಡಿಸಬಾರದು. ಗದ್ದೆ ಬಯಲು ಕೊಯ್ಲಾದ ಮೇಲೆ ಜನವರಿಯಿಂದ ಏಪ್ರಿಲ್‌ವರೆಗೆ ಆಗುತ್ತದೆ, ಬದು ಇಲ್ಲದ ಕಡೆ ಆರಿಸಿ, ಬಿರುಕು ಮುಚ್ಚಿ.

ಖಾಯಂ ಅಂಕಣಕ್ಕೆ ಕೆಳಗೆ 15ರಿಂದ 20 ಸೆಂಟಿಮೀಟರ್ ಜಲ್ಲಿ ಅಥವಾ ಜಂಬಿಟ್ಟಿಗೆ ಚೂರು ರೋಲರ್ ಹೊಡೆಸಿ, ಮೇಲೆ 5ರಿಂದ 8 ಸೆಂಟಿಮೀಟರ್ ಮರಳು. ದಪ್ಪ ಹೆಚ್ಚಿದಷ್ಟು ಒಳ್ಳೆಯದೆಂದು ಒಂದಡಿ ಮರಳು ಸುರಿದರೆ ಕುದುರೆಯ ಸ್ನಾಯುರಜ್ಜು ಹೋಗುತ್ತದೆ. ಎಂ-ಸ್ಯಾಂಡ್ ಆದರೆ ತೊಳೆದದ್ದು ಬೇಕು, ಪುಡಿ ಇದ್ದರೆ ಮಳೆಗೆ ಸಿಮೆಂಟಿನಂತೆ ಕಟ್ಟಿಕೊಳ್ಳುತ್ತದೆ. ಇಳಿಜಾರು ಶೇಕಡಾ ಒಂದರಿಂದ ಎರಡು, ಸುತ್ತ ಕಾಲುವೆ. ತೋಟದ ಬಸಿಗಾಲುವೆ ತೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

20x40 ಅಳೆಯುವಾಗ ಮೂಲೆಯಿಂದ ಮೂಲೆಗೆ ಕರ್ಣ 44.72 ಮೀಟರ್ ಬಂದರೆ ಮೂಲೆಗಳು ನೇರ. 20x60ಕ್ಕೆ 63.25. ಪ್ರವೇಶದ ಗಿಡ್ಡ ಬದಿಯ ನಡುವೆ ಎ, ಅಲ್ಲಿಂದ ಪ್ರದಕ್ಷಿಣೆಯಾಗಿ ಕೆ, ಇ, ಎಚ್, ಸಿ, ಎಂ, ಬಿ, ಎಫ್. ಮೂಲೆ ಅಕ್ಷರಗಳು ಮೂಲೆಯಿಂದ 6 ಮೀಟರ್, ಇ ಮತ್ತು ಬಿ ನಟ್ಟನಡುವೆ. ಎ ಕಡೆಯ 20 ಮೀಟರ್ ವೃತ್ತ ಉದ್ದ ಬದಿಯನ್ನು ಮುಟ್ಟುವುದು ಮೂಲೆಯಿಂದ 10 ಮೀಟರಿಗೆ, ಅಂದರೆ ಕೆ ಅಥವಾ ಎಫ್ ದಾಟಿ 4 ಮೀಟರಿಗೆ. ಅಕ್ಷರದಲ್ಲೇ ಮುಟ್ಟಿಸಿದರೆ ವೃತ್ತ ಮೊಟ್ಟೆಯಾಗುತ್ತದೆ, ಅಂಕ ಹೋಗುತ್ತದೆ. ಮುಟ್ಟುವ ಆ ಬಿಂದುಗಳಲ್ಲಿ ಕೋನ್ ಇಟ್ಟುಬಿಡಿ. ನಿಮ್ಮ ಗುರು ವೃತ್ತದ ಆಕಾರವನ್ನು ಗಮನಿಸುತ್ತಾರೋ ಇಲ್ಲವೋ ಎಂಬುದೂ ಅಲ್ಲೇ ಗೊತ್ತಾಗುತ್ತದೆ.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನು ಮಾಡಿಸುತ್ತೀರಿ ಎಂಬ ಪ್ರಶ್ನೆಗೆ ಬಯಲುಸೀಮೆಯ ಗುರುಗಳು ತಡವರಿಸುತ್ತಾರೆ. ಆಗುಂಬೆ, ಹೊಸನಗರ ಕಡೆಯಂತೂ ವಾರಗಟ್ಟಲೆ ಬಿಡುವಿಲ್ಲ. ‘ಮಳೆ ನಿಂತ ಮೇಲೆ ನೋಡೋಣ’ ಎಂದರೆ ವರ್ಷದ ಮೂರನೇ ಒಂದು ಭಾಗ ಹೋಯಿತು. ನೆನೆದ ಜಂಬಿಟ್ಟಿಗೆ ಮಣ್ಣಿನ ಮೇಲೆ ಕ್ಯಾಂಟರ್ (ಟ್ರಾಟ್‌ಗಿಂತ ಜೋರಿನ ನೆಗೆತದ ಓಟ) ಮಾಡಿಸುವವರು ಅದಕ್ಕಿಂತ ಅಪಾಯ. ಸರಿಯಾದ ಯೋಜನೆ ಎಂದರೆ ಹೊಳವು ಸಿಕ್ಕಾಗ ನಡಿಗೆಯಲ್ಲೇ ಮಾಡುವ ಕೆಲಸ: ನೇರ ನಿಲ್ಲಿಸುವುದು, ಮುಂಗಾಲಿನ ಸುತ್ತ ತಿರುಗಿಸುವುದು, ಸವಾರನ ಕಾಲಿನ ಸನ್ನೆಗೆ ಪಕ್ಕಕ್ಕೆ ಸರಿಸುವ ಲೆಗ್ ಯೀಲ್ಡ್. ಉಳಿದ ದಿನ ಹಂಚಿನ ಮಾಡಿನ ಕೆಳಗೆ ಕುದುರೆಯನ್ನು ಕೈಯಲ್ಲಿ ಹಿಡಿದು ಹಿಂದಕ್ಕೆ ಮುಂದಕ್ಕೆ ನಡೆಸುವುದು, ಪರೀಕ್ಷೆಯ ನಕ್ಷೆ ಬಾಯಿಪಾಠ, ಸವಾರನ ಸೊಂಟಕ್ಕೆ ವ್ಯಾಯಾಮ.

ಗೊರಸಿನ ಅಂಗಾಲಿನ ಸೀಳಿನಲ್ಲಿ ಕಪ್ಪು ಕೆಸರಿನಂಥದ್ದು ಬಂದು ಕೊಳೆತ ವಾಸನೆ ಹೊಡೆದರೆ ಸವಾರಿ ನಿಲ್ಲಿಸಿ, ಲಾಯದ ಹಾಸು ಒಣಗಿಸಿ, ವೈದ್ಯರಿಗೆ ತೋರಿಸಿ. ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಜೀನು ಲಗಾಮಿಗೆ ಬೂಸ್ಟು ಹಿಡಿದರೆ ಬಿಸಿಲಿಗೂ ಒಲೆಯ ಬುಡಕ್ಕೂ ಇಡಬೇಡಿ, ಚರ್ಮ ಬಿರಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಿಸಿ, ಎಣ್ಣೆ ಸವರಿ. ಲಗಾಮಿನ ಹೊಲಿಗೆ ಬಿಟ್ಟಿದೆಯೇ ಅಂತ ಪ್ರತಿ ವಾರ ಜಗ್ಗಿ ನೋಡಿ. ಸವಾರಿ ನಡುವೆ ಕಿತ್ತುಬರುವುದು ಈ ತಿಂಗಳುಗಳಲ್ಲೇ.

ದೂರದ ಗುರು, ಹತ್ತಿರದ ಗುರು

ಹೊರಗಿನ ಗುರುವನ್ನು ಒಂದು ದಿನಕ್ಕೆ ಕರೆಸುವುದು ದುಡ್ಡು ದಂಡ. ಮೊದಲ ದಿನ ಅವರು ಕುದುರೆ ನೋಡುವುದರಲ್ಲೇ ಕಳೆಯುತ್ತದೆ. ನಾಲ್ಕೈದು ಸವಾರರು ಸೇರಿ ಎರಡು ಮೂರು ದಿನಕ್ಕೆ ಕರೆಸಿ, ಮತ್ತೆ ಆರರಿಂದ ಎಂಟು ವಾರಕ್ಕೆ ಗೊತ್ತುಮಾಡಿ. ಹೊರಡುವ ಮೊದಲು ಪ್ರತಿಯೊಬ್ಬರಿಗೂ ಮೂರೇ ಮೂರು ಅಭ್ಯಾಸ ಬರೆಸಿಕೊಳ್ಳಿ. ಹತ್ತು ಕೊಟ್ಟರೆ ಒಂದೂ ಆಗುವುದಿಲ್ಲ. ದಿನನಿತ್ಯ ಕಲಿಸುವ ಸ್ಥಳೀಯ ಮೇಷ್ಟ್ರೂ ಆಗ ಬೇಲಿಯ ಪಕ್ಕ ಇರಬೇಕು. ಅವರನ್ನು ಬಿಟ್ಟು ಮಾಡಿದರೆ ಮನಸ್ತಾಪ ಒಂದು ಕಡೆ, ಮರುವಾರವೇ ಹಳೇ ರೂಢಿ ಇನ್ನೊಂದು ಕಡೆ.

ನಡುವಿನ ವಾರಗಳಿಗೆ ವಿಡಿಯೋ. ನೇರಪ್ರಸಾರ ನಮ್ಮ ನೆಟ್‌ವರ್ಕಿಗೆ ಆಗದ ಮಾತು, ಗುಡ್ಡ ಹತ್ತಿದರೆ ಸಿಗ್ನಲ್ ಉಂಟು, ಅಂಕಣ ಇಲ್ಲ. ಚಿತ್ರೀಕರಿಸಿ ಕಳಿಸಿ. ಫೋನನ್ನು ಎದೆಮಟ್ಟದಲ್ಲಿ, ಅಡ್ಡಲಾಗಿ ಸ್ಟ್ಯಾಂಡಿಗೆ ಕಟ್ಟಿ. ಸಿ ಹೊರಗೆ ಇಟ್ಟು ನಡುಗೆರೆಯಲ್ಲಿ ಬರುವುದನ್ನು ಹಿಡಿಯಿರಿ, ಕುದುರೆ ನೇರವಿದೆಯೇ ಅಂತ ಕಾಣುವುದು ಅಲ್ಲಿಂದಲೇ. ಆಮೇಲೆ ಬಿ ಹೊರಗಿಟ್ಟು ಎರಡೂ ದಿಕ್ಕಿನ ನಡಿಗೆ, ಟ್ರಾಟ್, ಕ್ಯಾಂಟರ್. ಒಟ್ಟು ಐದು ನಿಮಿಷ ಮೀರಬಾರದು. ಚೆನ್ನಾಗಿ ಬಂದ ತುಣುಕನ್ನಷ್ಟೇ ಕತ್ತರಿಸಿ ಕಳಿಸಿದರೆ ಗುರುವಿಗೆ ತಿದ್ದಲು ಏನೂ ಉಳಿಯುವುದಿಲ್ಲ.

ಇಬ್ಬರ ಮಾತು ಎದುರಾದಾಗ, ಅದು ಆಗಿಯೇ ಆಗುತ್ತದೆ, ನಡುವೆ ನಿಂತು ತೀರ್ಪು ಕೊಡಬೇಡಿ. ಒಬ್ಬರು ‘ಲಗಾಮು ಗಿಡ್ಡ ಮಾಡು’ ಎಂದು, ಇನ್ನೊಬ್ಬರು ‘ಉದ್ದ ಬಿಡು’ ಎಂದರೆ, ಯಾವ ಹಂತದಲ್ಲಿ, ಏನನ್ನು ಸರಿಪಡಿಸಲು ಅಂತ ಇಬ್ಬರನ್ನೂ ಕೇಳಿ. ಒಬ್ಬರು ಬಿಸಿಯೇರಿಸುವ ಹೊತ್ತಿನ ಮಾತು, ಇನ್ನೊಬ್ಬರು ಕ್ಯಾಂಟರ್ ಹೊತ್ತಿನ ಮಾತು ಆಡುತ್ತಿರುವುದೇ ಹೆಚ್ಚು. ನಿಜವಾಗಿಯೂ ವಿರೋಧವಿದ್ದರೆ, ಉದಾಹರಣೆಗೆ ಹಾಫ್-ಹಾಲ್ಟ್‌ನಲ್ಲಿ ಕಾಲು ಬೇಕು, ಬೇಡ ಎಂಬಲ್ಲಿ, ಒಂದೇ ಕುದುರೆಗೆ ಎರಡನ್ನೂ ಕಲಿಸಬೇಡಿ. ಪರೀಕ್ಷೆಗೆ ಸಿದ್ಧಮಾಡುವ ಗುರುವಿನದನ್ನು ಇಟ್ಟುಕೊಳ್ಳಿ, ಇನ್ನೊಬ್ಬರಿಗೆ ಅದನ್ನು ಬಾಯಿಬಿಟ್ಟು ಹೇಳಿ. ಗುರುವನ್ನೇ ಬದಲಿಸುವುದಾದರೆ ಸ್ಪರ್ಧೆಗೆ ಆರು ವಾರ ಉಳಿದಿರುವಾಗ ಬೇಡ. ಸ್ಪರ್ಧೆ ಮುಗಿಸಿ, ಕುದುರೆಗೆ ಒಂದು ವಾರ ಬರೀ ನಡಿಗೆ ಕೊಟ್ಟು, ಆ ಹೊತ್ತಿಗೆ ಬಂದ ಅಂಕಪಟ್ಟಿಯನ್ನು ಹೊಸಬರ ಕೈಗೆ ಕೊಟ್ಟು ಶುರುಮಾಡಿ.